ಸಿಯಾಚಿನ್‌ನ ಕುಮಾರ್ ಪೋಸ್ಟ್: ಯಾರು ಈ ಕುಮಾರ್?

2023ರ ಜನವರಿಯಲ್ಲಿ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಕ್ಯಾಪ್ಟನ್ ಶಿವಾ ಚೌಹಾಣ್ ಎಂಬ ಸೇನಾಧಿಕಾರಿ ಸಿಯಾಚಿನ್‌ನ ಕುಮಾರ್ ಪೋಸ್ಟ್‌ನಲ್ಲಿ ಕರ್ತವ್ಯಕ್ಕೆ ನಿಂತರು. 15,632 ಅಡಿ ಎತ್ತರದ ಆ ಠಾಣೆಗೆ ನಿಯೋಜನೆಗೊಂಡ ಮೊದಲ ಮಹಿಳಾ ಅಧಿಕಾರಿ ಅವರು. ಅದಕ್ಕೂ ಹಿಂದೆ, 2019ರ ಅಕ್ಟೋಬರ್‌ನಲ್ಲಿ, ಸಿಯಾಚಿನ್ ಬೇಸ್ ಕ್ಯಾಂಪಿನಿಂದ ಕುಮಾರ್ ಪೋಸ್ಟ್ ತನಕದ ಭಾಗವನ್ನು ಪ್ರವಾಸಿಗರಿಗೆ ತೆರೆಯುತ್ತೇವೆ ಎಂದು ರಕ್ಷಣಾ ಸಚಿವರು ಹೇಳಿದಾಗಲೂ ಈ ಹೆಸರು ಕೇಳಿಬಂದಿತ್ತು. ಹೆಸರೇನೋ ಎಲ್ಲರ ಕಿವಿಗೆ ಬಿತ್ತು. ಆದರೆ ಈ ಕುಮಾರ್ ಯಾರು ಎಂದು ಕೇಳಿದರೆ ಹೆಚ್ಚಿನವರಿಗೆ ಉತ್ತರ ಗೊತ್ತಿಲ್ಲ.

ಅವರು ಕರ್ನಲ್ ನರೇಂದ್ರ ಕುಮಾರ್. ಸೇನೆಯಲ್ಲಿ ಎಲ್ಲರಿಗೂ ‘ಬುಲ್’ ಕುಮಾರ್. 2020ರ ಡಿಸೆಂಬರ್ 31ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 87 ವರ್ಷ. ದೊಡ್ಡ ಯುದ್ಧ ಗೆದ್ದುಕೊಟ್ಟ ಸೇನಾಪತಿ ಎಂಬ ಹೆಸರು ಅವರಿಗಿಲ್ಲ. ಎವರೆಸ್ಟ್‌ನ ತುದಿಯನ್ನೂ ಅವರು ಮುಟ್ಟಲಿಲ್ಲ. ಆದರೆ ಇವತ್ತು ಸಿಯಾಚಿನ್ ಹಿಮನದಿ ಭಾರತದ ಕೈಯಲ್ಲಿ ಇರುವುದಕ್ಕೆ ಈ ಮನುಷ್ಯ ಅಲ್ಲಿ ನಡೆದಾಡಿ ಬಂದದ್ದು ಒಂದು ಮುಖ್ಯ ಕಾರಣ. ನಡೆದಾಡಿದ್ದರಿಂದ ಜಾಗ ಕೈಯಲ್ಲಿ ಉಳಿಯುವುದು ಹೇಗೆ? ಇದು ಅರ್ಥವಾಗಬೇಕಾದರೆ ಅವರ ಬದುಕಿನ ಜೊತೆಗೆ ಇನ್ನೆರಡು ವಿಷಯ ತಿಳಿದಿರಬೇಕು. ಎತ್ತರದಲ್ಲಿ ಮನುಷ್ಯನ ದೇಹಕ್ಕೆ ಏನಾಗುತ್ತದೆ ಎಂಬುದು ಒಂದು. ನಕ್ಷೆಯ ಮೇಲಿನ ಒಂದು ಗೆರೆ ಅರ್ಧಕ್ಕೇ ನಿಂತದ್ದು ಯಾಕೆ ಎಂಬುದು ಇನ್ನೊಂದು.

ಬಾಕ್ಸಿಂಗ್ ಅಖಾಡದಲ್ಲಿ ಸಿಕ್ಕ ಹೆಸರು

ನರೇಂದ್ರ ಕುಮಾರ್ ಹುಟ್ಟಿದ್ದು 1933ರ ಡಿಸೆಂಬರ್ 8ರಂದು, ರಾವಲ್ಪಿಂಡಿಯಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ಮುಂದೆ ಡೆಹ್ರಾಡೂನ್‌ನಲ್ಲಿ ಸೇನಾ ತರಬೇತಿಗೆ ಸೇರಿದರು. ಅಲ್ಲಿ ಬಾಕ್ಸಿಂಗ್‌ನಲ್ಲಿ ತನಗಿಂತ ಸೀನಿಯರ್ ಆಗಿದ್ದ ಒಬ್ಬ ಕೆಡೆಟ್ ಎದುರು ಇಳಿಯಬೇಕಾಯಿತು. ಪಂದ್ಯದಲ್ಲಿ ಸೋತರು. ಆದರೆ ಏಟು ತಿಂದರೂ ಹೋರಿಯ ಹಾಗೆ ಮತ್ತೆ ಮತ್ತೆ ನುಗ್ಗಿದ್ದನ್ನು ನೋಡಿದವರು ‘ಬುಲ್’ ಎಂದು ಹೆಸರಿಟ್ಟರು. ಆ ಹೆಸರು ಸಾಯುವ ತನಕ ಅಂಟಿಕೊಂಡಿತು. ಅವತ್ತು ಗೆದ್ದ ಸೀನಿಯರ್ ಸುನೀತ್ ಫ್ರಾನ್ಸಿಸ್ ರೋಡ್ರಿಗಸ್. 1990ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು.

1954ರಲ್ಲಿ ಕುಮಾರ್ ಕುಮಾವೂನ್ ರೆಜಿಮೆಂಟ್‌ಗೆ ಕಮಿಷನ್ ಆದರು. ಇಲ್ಲಿ ಎರಡು ಪದ ಬಿಡಿಸಿ ಹೇಳಬೇಕು. ‘ಕಮಿಷನ್’ ಎಂದರೆ ರಾಷ್ಟ್ರಪತಿಗಳ ಹೆಸರಿನಲ್ಲಿ ಸಿಗುವ ಅಧಿಕಾರಪತ್ರ. ತರಬೇತಿ ಮುಗಿಸಿದ ಕೆಡೆಟ್ ಅದು ಕೈಗೆ ಬಂದ ಮೇಲೆಯೇ ಅಧಿಕಾರಿ. ‘ರೆಜಿಮೆಂಟ್’ ಎಂದರೆ ಹಲವು ಬೆಟಾಲಿಯನ್‌ಗಳ ಒಂದು ಬಳಗ. ಒಂದೊಂದಕ್ಕೂ ತನ್ನದೇ ಚಿಹ್ನೆ, ಘೋಷಣೆ, ಇತಿಹಾಸ ಇರುತ್ತದೆ. ಪದಾತಿ ದಳದ ಅಧಿಕಾರಿಗೆ ರೆಜಿಮೆಂಟ್ ಎನ್ನುವುದು ಹೆಚ್ಚು ಕಡಿಮೆ ಮನೆತನವೇ. ಕುಮಾವೂನ್ ಮನೆತನಕ್ಕೆ ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಕೂಡ ಸೇರಿದವರು. ದೇಶದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಅದೇ ರೆಜಿಮೆಂಟ್‌ನವರು. 1962ರಲ್ಲಿ ರೆಝಾಂಗ್ ಲಾದಲ್ಲಿ ಕೊನೆಯ ತನಕ ಕಾದಾಡಿದ ಮೇಜರ್ ಶೈತಾನ್ ಸಿಂಗ್ ಕೂಡ.

ಸೈನಿಕರು ಬೆಟ್ಟ ಯಾಕೆ ಹತ್ತುತ್ತಾರೆ?

ಪರ್ವತಾರೋಹಣ ಎಂದರೆ ನಮ್ಮಲ್ಲಿ ಹಲವರ ಲೆಕ್ಕದಲ್ಲಿ ಅದೊಂದು ಹವ್ಯಾಸ. ಸರ್ಕಾರಿ ಸಂಬಳ ಪಡೆಯುವ ಸೈನಿಕ ಅದನ್ನು ಯಾಕೆ ಮಾಡಬೇಕು ಎಂಬ ಪ್ರಶ್ನೆ ಸಹಜವೇ.

ಉತ್ತರ ನಮ್ಮ ಗಡಿಯಲ್ಲಿದೆ. ಭಾರತದ ಉತ್ತರ ಗಡಿಯ ಬಹುಪಾಲು ಹಾದುಹೋಗುವುದು ಹಿಮಾಲಯ ಮತ್ತು ಕಾರಾಕೋರಂ ಪರ್ವತಗಳಲ್ಲಿ. 1947-48ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆದಾಗಲೇ ಹಿಮದಲ್ಲಿ ನಡೆಯಲು, ಬದುಕಲು, ಕಾದಾಡಲು ಬೇರೆಯೇ ವಿದ್ಯೆ ಬೇಕು ಎಂದು ಗೊತ್ತಾಗಿತ್ತು. 1948ರಲ್ಲಿ ಗುಲ್ಮಾರ್ಗ್‌ನಲ್ಲಿ ಒಂದು ಸಣ್ಣ ಸ್ಕೀ ಶಾಲೆ ಶುರುವಾಯಿತು. ಶುರು ಮಾಡಿಸಿದವರು ಅಲ್ಲಿನ ಡಿವಿಷನ್ನಿನ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೇ. ಅದು ಬೆಳೆದು ಈಗಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು, ಅಂದರೆ ಎತ್ತರದ ಜಾಗಗಳಲ್ಲಿ ಯುದ್ಧ ಮಾಡುವುದನ್ನು ಕಲಿಸುವ ಶಾಲೆ. ಮುಂದೆ ಬುಲ್ ಕುಮಾರ್ ಇದೇ ಶಾಲೆಯ ಮುಖ್ಯಸ್ಥರಾದರು. ಕಥೆಯ ಮುಖ್ಯ ತಿರುವು ಬರುವುದೂ ಅವರು ಆ ಕುರ್ಚಿಯಲ್ಲಿದ್ದಾಗಲೇ.

1953ರಲ್ಲಿ ತೇನ್ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಏರಿದರು. ಮರು ವರ್ಷ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಹೊಲದಲ್ಲಿ ಉಳುಮೆ ಕಲಿಸುವ ಹಾಗೆ, ಬೆಟ್ಟದ ಮೇಲೇ ನಿಂತು ಪಾಠ ಹೇಳುತ್ತಿದ್ದವರು ತೇನ್ಸಿಂಗ್. ಯುವ ಅಧಿಕಾರಿ ಕುಮಾರ್‌ಗೆ ಬೆಟ್ಟದ ಹುಚ್ಚು ಹಿಡಿದದ್ದು ಅಲ್ಲಿ. ಮುಂದೆ ಅವರು ಆ ಸಂಸ್ಥೆಯ ಪ್ರಾಂಶುಪಾಲರೂ ಆದರು.

ಎತ್ತರದಲ್ಲಿ ದೇಹಕ್ಕೆ ಏನಾಗುತ್ತದೆ?

ಎತ್ತರಕ್ಕೆ ಹೋದ ಹಾಗೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ಹೇಳುತ್ತಾರೆ. ನಿಜವಾಗಿ ಪಾಲು ಎಲ್ಲ ಕಡೆಯೂ ಅಷ್ಟೇ, ಸುಮಾರು ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 18,000 ಅಡಿಯಲ್ಲಿ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಭಾಗ. ಅಂದರೆ ಅಷ್ಟೇ ದೊಡ್ಡ ಉಸಿರು ಎಳೆದುಕೊಂಡರೂ ಒಳಗೆ ಹೋಗುವ ಆಮ್ಲಜನಕ ಅರ್ಧ, ಇಲ್ಲವೇ ಅದಕ್ಕಿಂತ ಕಡಿಮೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಸಮಯ ಬೇಕು. ಉಸಿರಾಟ ಜೋರಾಗುತ್ತದೆ. ನಿಧಾನಕ್ಕೆ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಈ ಹೊಂದಾಣಿಕೆಗೆ ಭಾರತೀಯ ಸೇನೆಯಲ್ಲಿ ಒಂದು ಪದ್ಧತಿಯೇ ಇದೆ. 9,000 ಅಡಿಯಿಂದ 12,000 ಅಡಿ ತನಕ ಆರು ದಿನ. ಅಲ್ಲಿಂದ 15,000 ಅಡಿ ತನಕ ಇನ್ನು ನಾಲ್ಕು ದಿನ. ಅದಕ್ಕಿಂತ ಮೇಲೆ ಹೋಗುವವರಿಗೆ ಮತ್ತೆ ನಾಲ್ಕು ದಿನ. ಮೊದಲ ಎರಡು ದಿನ ಬರೀ ವಿಶ್ರಾಂತಿ. ಆಮೇಲೆ ಸಣ್ಣ ನಡಿಗೆ, ಆಮೇಲೆ ಭಾರ ಹೊತ್ತು ಏರುವುದು. ಗಟ್ಟಿಮುಟ್ಟಾಗಿದ್ದೇನೆ ಎಂದು ಅವಸರ ಮಾಡಿದವನಿಗೂ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಬೇಗ ಕೆಳಗಿಳಿಸದಿದ್ದರೆ ಎರಡರಿಂದಲೂ ಜೀವ ಹೋಗಬಹುದು.

ಇನ್ನು ಚಳಿ. ತೀರಾ ಚಳಿಯಾದಾಗ ದೇಹ ಒಂದು ಲೆಕ್ಕ ಹಾಕುತ್ತದೆ: ಹೃದಯ, ಮಿದುಳು ಮೊದಲು, ಕೈಕಾಲಿನ ತುದಿ ಆಮೇಲೆ. ಬೆರಳುಗಳಿಗೆ ಹೋಗುವ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ರಕ್ತ ಹೋಗದ ಬೆರಳು ತಣ್ಣಗಾಗಿ, ಮರಗಟ್ಟಿ, ಕೊನೆಗೆ ಅದರ ಒಳಗಿನ ನೀರು ಹೆಪ್ಪುಗಟ್ಟುತ್ತದೆ. ಇದೇ ಫ್ರಾಸ್ಟ್‌ಬೈಟ್, ಹಿಮದ ಕಡಿತ. ಮರಗಟ್ಟಿದ ಮೇಲೆ ನೋವು ಗೊತ್ತಾಗುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಶೂ ಬಿಚ್ಚಿ ನೋಡುವಷ್ಟರಲ್ಲಿ ಎಷ್ಟೋ ಸಲ ಬೆರಳು ಉಳಿಸಿಕೊಳ್ಳುವ ಕಾಲ ಮೀರಿರುತ್ತದೆ.

1961ರಲ್ಲಿ ನೀಲಕಂಠ ಶಿಖರದ ಯಾತ್ರೆಯಲ್ಲಿ ಕುಮಾರ್‌ಗೆ ಆದದ್ದು ಇದೇ. ಕಾಲಿನ ನಾಲ್ಕು ಬೆರಳು ಹೋದವು. ಬೆರಳು ಹೋದರೆ ಏನು ಮಹಾ ಎಂದುಕೊಳ್ಳಬೇಡಿ. ಇಳಿಜಾರಿನಲ್ಲಿ ದೇಹದ ಸಮತೋಲನ ನಿಲ್ಲುವುದು ಕಾಲ್ಬೆರಳುಗಳ ಮೇಲೆ. ಹಿಮಗೋಡೆಯನ್ನು ಏರುವಾಗ ಬೂಟಿನ ಮುಂದಿನ ಮುಳ್ಳು ಚುಚ್ಚಿ ಭಾರ ಹಾಕುವುದೂ ಅವುಗಳ ಮೇಲೆಯೇ. ಒಮ್ಮೆ ಹಿಮ ಕಡಿದ ಜಾಗಕ್ಕೆ ಮತ್ತೆ ಕಡಿತ ಆಗುವ ಅಪಾಯವೂ ಜಾಸ್ತಿ. ಅವರ ವಯಸ್ಸು ಆಗ ಮೂವತ್ತೂ ದಾಟಿರಲಿಲ್ಲ. ಅವರ ದೊಡ್ಡ ಯಾತ್ರೆಗಳಲ್ಲಿ ಹೆಚ್ಚಿನವು ನಡೆದದ್ದು ಇದಾದ ಮೇಲೆ.

ಏರಿದ್ದು, ಏರದೆ ಬಿಟ್ಟದ್ದು

1960ರಲ್ಲಿ ಭಾರತದ ಮೊದಲ ಎವರೆಸ್ಟ್ ತಂಡ ಬ್ರಿಗೇಡಿಯರ್ ಗ್ಯಾನ್ ಸಿಂಗ್ ನಾಯಕತ್ವದಲ್ಲಿ ಹೊರಟಿತು. ಕುಮಾರ್, ಸೋನಮ್ ಗ್ಯಾತ್ಸೊ, ನವಾಂಗ್ ಗೊಂಬು ಮೂವರೂ ತುದಿಗೆ ಕೆಲವೇ ನೂರು ಅಡಿ ಇರುವಷ್ಟು ಹತ್ತಿರ ಹೋಗಿ, ಬಿರುಗಾಳಿಗೆ ಹಿಂದಿರುಗಿದರು. 1965ರ ತಂಡಕ್ಕೆ ಎಂ.ಎಸ್. ಕೊಹ್ಲಿ ನಾಯಕರು, ಕುಮಾರ್ ಉಪನಾಯಕರು. ಆ ಸಲ ಒಂಬತ್ತು ಮಂದಿ ತುದಿ ಮುಟ್ಟಿದರು. ಕುಮಾರ್ ಆ ಒಂಬತ್ತರಲ್ಲಿ ಇರಲಿಲ್ಲ. ಸಾಮಾನು ಮೇಲೆ ಸಾಗಿಸುವುದು, ಯಾರು ಯಾವಾಗ ಏರಬೇಕು ಎಂದು ಗೊತ್ತುಮಾಡುವುದು ಉಪನಾಯಕನ ಕೆಲಸ. ತುದಿಯಲ್ಲಿ ನಿಂತವರ ಫೋಟೊ ಮಾತ್ರ ನಮಗೆ ನೆನಪಿರುತ್ತದೆ, ಅದು ಬೇರೆ ಮಾತು.

ನಡುವೆ 1964ರಲ್ಲಿ ಅವರ ನಾಯಕತ್ವದ ತಂಡ 7,816 ಮೀಟರ್ ಎತ್ತರದ ನಂದಾದೇವಿ ಏರಿತು. ಭಾರತೀಯ ತಂಡವೊಂದು ಅದನ್ನು ಏರಿದ್ದು ಅದೇ ಮೊದಲು. 1977ರಲ್ಲಿ ಕಾಂಚನಜುಂಗಾವನ್ನು ಈಶಾನ್ಯ ದಿಕ್ಕಿನ ಏಣಿನ ಕಡೆಯಿಂದ ಏರಿಸಿದರು. 1929 ಮತ್ತು 1931ರಲ್ಲಿ ಜರ್ಮನ್ನರು ಅದೇ ದಾರಿಯಲ್ಲಿ ಪ್ರಯತ್ನಿಸಿ ಸೋತಿದ್ದರು. ಅಷ್ಟು ಹೊತ್ತಿಗೆ ಸೇನೆಯಲ್ಲಿ ಬೆಟ್ಟದ ವಿಷಯ ಬಂದರೆ ಬುಲ್ ಕುಮಾರ್ ಹೆಸರು ತಾನಾಗಿಯೇ ಬರುತ್ತಿತ್ತು.

ಅರ್ಧಕ್ಕೆ ನಿಂತ ಗೆರೆ

ಈಗ ನಕ್ಷೆಗೆ ಬರೋಣ. ಇಡೀ ಸಿಯಾಚಿನ್ ಜಗಳದ ಬೇರು ಇಲ್ಲಿದೆ.

ಹಿಮನದಿ ಎಂದರೆ ವರ್ಷಗಟ್ಟಲೆ ಬಿದ್ದ ಹಿಮ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗಿ, ತನ್ನದೇ ಭಾರಕ್ಕೆ ಕಣಿವೆಯಲ್ಲಿ ನಿಧಾನವಾಗಿ ಕೆಳಕ್ಕೆ ಜಾರುವುದು. ಸಿಯಾಚಿನ್ ಅಂಥ ಒಂದು ಹಿಮನದಿ. ಉದ್ದ 70 ಕಿಲೋಮೀಟರ್‌ಗೂ ಹೆಚ್ಚು. ಧ್ರುವ ಪ್ರದೇಶಗಳನ್ನು ಬಿಟ್ಟರೆ ಜಗತ್ತಿನ ಅತಿ ಉದ್ದದ ಹಿಮನದಿಗಳಲ್ಲಿ ಇದೂ ಒಂದು. ಅದರ ಕೆಳತುದಿಯಲ್ಲಿ ಮಂಜು ಕರಗಿ ನುಬ್ರಾ ನದಿ ಹುಟ್ಟುತ್ತದೆ. ನುಬ್ರಾ ಶ್ಯೋಕ್ ನದಿಯನ್ನು ಸೇರುತ್ತದೆ, ಶ್ಯೋಕ್ ಸಿಂಧೂ ನದಿಯನ್ನು. ಹಿಮನದಿಯ ಪಶ್ಚಿಮಕ್ಕೆ ಗೋಡೆಯ ಹಾಗೆ ನಿಂತಿರುವುದು ಸಾಲ್ತೊರೊ ಪರ್ವತಸಾಲು.

1949ರ ಜುಲೈನಲ್ಲಿ ಕರಾಚಿಯಲ್ಲಿ ಭಾರತ ಮತ್ತು ಪಾಕಿಸ್ತಾನದ ಸೇನಾಧಿಕಾರಿಗಳು ಕೂತು ಕದನವಿರಾಮದ ಗೆರೆ ಗುರುತಿಸಿದರು. ದಕ್ಷಿಣದಿಂದ ಶುರುವಾದ ಗೆರೆ ಹಳ್ಳಿ, ಹಳ್ಳ, ಗುಡ್ಡಗಳ ಹೆಸರು ಹೇಳುತ್ತ ಉತ್ತರಕ್ಕೆ ಬಂತು. ಕೊನೆಗೆ ಎನ್‌ಜೆ 9842 ಎಂಬ ಜಾಗಕ್ಕೆ ಬಂದು ನಿಂತಿತು. ಅದು ಊರಿನ ಹೆಸರಲ್ಲ, ನಕ್ಷೆಯ ಚೌಕಗಳಲ್ಲಿ ಒಂದು ಬಿಂದುವಿನ ಗುರುತು. ಅಲ್ಲಿಂದ ಮುಂದಕ್ಕೆ ಬರೆದದ್ದು ಇಷ್ಟೇ: ಅಲ್ಲಿಂದ ಉತ್ತರಕ್ಕೆ ಹಿಮನದಿಗಳ ತನಕ. ಮುಂದಿನದೆಲ್ಲ ಮಂಜು. ಅಲ್ಲಿ ಯಾರೂ ವಾಸ ಮಾಡುವುದಿಲ್ಲ, ಯಾವ ಸೈನ್ಯವೂ ಅಲ್ಲಿಗೆ ಹೋಗಿ ಕಾದಾಡುವುದಿಲ್ಲ ಎಂದು ಎರಡೂ ಕಡೆಯವರು ಅಂದುಕೊಂಡಿದ್ದರು. 1971ರ ಯುದ್ಧದ ನಂತರ, 1972ರ ಸಿಮ್ಲಾ ಒಪ್ಪಂದದ ಪ್ರಕಾರ ಈ ಗೆರೆ ಬದಲಾಗಿ ‘ಲೈನ್ ಆಫ್ ಕಂಟ್ರೋಲ್’ ಎಂಬ ಹೆಸರು ಬಂತು. ಆಗಲೂ ಅದು ಎನ್‌ಜೆ 9842ರ ಮುಂದಕ್ಕೆ ಹೋಗಲಿಲ್ಲ.

ಜಮೀನಿನ ಕ್ರಯಪತ್ರ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಪತ್ರದಲ್ಲಿ ಚಕ್ಕುಬಂದಿ ಬರೆದಿರುತ್ತಾರೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ಬಂಡಿದಾರಿ. ಉತ್ತರಕ್ಕೆ ಮಾತ್ರ ‘ಬಾಂದು ಕಲ್ಲಿನಿಂದ ಗುಡ್ಡದ ಕಡೆಗೆ’ ಎಂದಷ್ಟೇ ಇದೆ ಅಂತಿಟ್ಟುಕೊಳ್ಳಿ. ಗುಡ್ಡದಲ್ಲಿ ಏನೂ ಬೆಳೆಯದ ತನಕ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ದಿನ ಪಕ್ಕದವನು ಗುಡ್ಡದಲ್ಲಿ ದನ ಮೇಯಿಸಲು ಶುರು ಮಾಡುತ್ತಾನೆ, ಹೊರಗಿನವರಿಗೆ ಅಲ್ಲಿ ಸೌದೆ ಕಡಿಯಲು ಅನುಮತಿಯನ್ನೂ ಕೊಡುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಗುಡ್ಡ ಯಾರದ್ದು ಎಂದು ಕೇಳಿದರೆ ಊರವರು ಯಾರನ್ನು ತೋರಿಸುತ್ತಾರೆ?

ಆ ಒಂದು ಸಾಲನ್ನು ಎರಡೂ ದೇಶಗಳು ಬೇರೆ ಬೇರೆ ರೀತಿ ಓದುತ್ತವೆ. ಉತ್ತರಕ್ಕೆ ಎಂದರೆ ಉತ್ತರಕ್ಕೇ, ಗೆರೆ ಸಾಲ್ತೊರೊ ಪರ್ವತಸಾಲಿನ ನೆತ್ತಿಯ ಮೇಲೆ ಹೋಗಬೇಕು ಎಂಬುದು ಭಾರತದ ವಾದ. ಆ ಲೆಕ್ಕದಲ್ಲಿ ಸಿಯಾಚಿನ್ ಭಾರತದ ಕಡೆ. ಎನ್‌ಜೆ 9842ರಿಂದ ಈಶಾನ್ಯಕ್ಕೆ ಕಾರಾಕೋರಂ ಕಣಿವೆದಾರಿಯ ತನಕ ನೇರ ಗೆರೆ ಎಳೆಯಬೇಕು ಎಂಬುದು ಪಾಕಿಸ್ತಾನದ ವಾದ. ಆ ಲೆಕ್ಕದಲ್ಲಿ ಇಡೀ ಹಿಮನದಿ ಅವರ ಕಡೆ ಹೋಗುತ್ತದೆ. ಹಿಮನದಿಯ ಉತ್ತರಕ್ಕೆ ಶಕ್ಸ್‌ಗಾಮ್ ಕಣಿವೆ ಇದೆ. 1963ರಲ್ಲಿ ಪಾಕಿಸ್ತಾನ ಒಂದು ಒಪ್ಪಂದ ಮಾಡಿಕೊಂಡು ಅದನ್ನು ಚೀನಾಕ್ಕೆ ಬಿಟ್ಟುಕೊಟ್ಟಿತು. ಭಾರತ ಅದನ್ನು ಇವತ್ತಿಗೂ ಒಪ್ಪಿಲ್ಲ. ಹೀಗಾಗಿ ಸಿಯಾಚಿನ್ ಇರುವುದು ಎರಡು ನೆರೆ ದೇಶಗಳ ಹಿಡಿತದ ಜಾಗಗಳ ನಡುವೆ.

ಜರ್ಮನ್ನನ ಕೈಯಲ್ಲಿದ್ದ ನಕ್ಷೆ

1970ರ ದಶಕದಲ್ಲಿ ವಿದೇಶಿ ಪರ್ವತಾರೋಹಿಗಳು ಪಾಕಿಸ್ತಾನದಿಂದ ಅನುಮತಿ ಪಡೆದು ಸಿಯಾಚಿನ್ ಸುತ್ತಲಿನ ಶಿಖರಗಳಿಗೆ ಬರತೊಡಗಿದ್ದರು. 1962ರಲ್ಲೇ ಜಪಾನ್-ಪಾಕಿಸ್ತಾನ ಜಂಟಿ ತಂಡ ಸಾಲ್ತೊರೊ ಕಾಂಗ್ರಿ ಏರಿತ್ತು. 1975ರಲ್ಲಿ ಜಪಾನಿನ ತಂಡ ಬಿಲಾಫೊಂಡ್ ಲಾ ದಾಟಿ ಬಂದು ತೇರಂ ಕಾಂಗ್ರಿಯ ಎರಡು ಶಿಖರಗಳನ್ನು ಏರಿತು. (ಲಡಾಖ್ ಕಡೆಯ ಹೆಸರುಗಳಲ್ಲಿ ಬರುವ ‘ಲಾ’ ಎಂದರೆ ಕಣಿವೆದಾರಿ.)

ಇದರಲ್ಲಿ ಏನು ತಪ್ಪು, ಸುಮ್ನೆ ಬೆಟ್ಟ ಹತ್ತಿ ಹೋದರು ಅಲ್ವಾ ಎನಿಸಬಹುದು. ಆದರೆ ಪರ್ವತಾರೋಹಣದ ಪತ್ರಿಕೆಗಳಲ್ಲಿ ಆ ಯಾತ್ರೆಯ ವರದಿ ಅಚ್ಚಾಗುತ್ತದೆ. ಅನುಮತಿ ಕೊಟ್ಟದ್ದು ಪಾಕಿಸ್ತಾನ ಎಂದೂ ದಾಖಲಾಗುತ್ತದೆ. ಅಮೆರಿಕದಲ್ಲಿ ಅಚ್ಚಾದ ನಕ್ಷೆಗಳಂತೂ 1960ರ ದಶಕದ ಕೊನೆಯಿಂದ ಎನ್‌ಜೆ 9842ರಿಂದ ಕಾರಾಕೋರಂ ಕಣಿವೆದಾರಿಗೆ ನೇರ ಗೆರೆ ಎಳೆದುಬಿಟ್ಟಿದ್ದವು. ಯಾವ ಒಪ್ಪಂದದಲ್ಲೂ ಇಲ್ಲದ ಗೆರೆ ಅದು.

1977ರಲ್ಲಿ ಒಬ್ಬ ಜರ್ಮನ್ ಸಾಹಸಿ ಕುಮಾರ್ ಬಳಿ ಬಂದ. ನುಬ್ರಾ ನದಿ ಹುಟ್ಟುವ ಜಾಗದಿಂದಲೇ ರಾಫ್ಟ್‌ನಲ್ಲಿ ಇಳಿಯಬೇಕೆಂಬ ಆಸೆ ಅವನದು. ಜೊತೆಗೆ ತಂದಿದ್ದ ನಕ್ಷೆ ಬಿಚ್ಚಿದ. ಸಿಯಾಚಿನ್ ಪೂರ್ತಿ ಪಾಕಿಸ್ತಾನದ ಕಡೆ ಇರುವುದು ಕುಮಾರ್ ಕಣ್ಣಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಅಚ್ಚಿನ ತಪ್ಪು ಎಂದು ಬಿಟ್ಟುಬಿಡುತ್ತಿದ್ದರೇನೋ. ಕುಮಾರ್ ಆ ನಕ್ಷೆಯನ್ನು ಕೊಂಡುಕೊಂಡರು. ದಿಲ್ಲಿಗೆ ಹೋಗಿ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಾಗಿದ್ದ ಲೆಫ್ಟಿನೆಂಟ್ ಜನರಲ್ ಎಂ.ಎಲ್. ಛಿಬ್ಬರ್ ಮುಂದೆ ಹರಡಿದರು. ಹಿಮನದಿಗೆ ಒಂದು ತಂಡ ಕರೆದುಕೊಂಡು ಹೋಗಿ ಬರಲು ಅನುಮತಿ ಸಿಕ್ಕಿತು. ಹೊರಗಿನವರ ಕಣ್ಣಿಗೆ ಅದು ತರಬೇತಿ ಶಾಲೆಯ ಪರ್ವತಾರೋಹಣ.

ಹಿಮನದಿಯ ಮೇಲೆ ನಡೆಯುವುದು ಎಂದರೆ

1978ರಲ್ಲಿ ತಂಡ ಹಿಮನದಿಯ ಕೆಳತುದಿಯಿಂದ ಮೇಲಕ್ಕೆ ಹೊರಟಿತು. ದೂರದಿಂದ ನೋಡಿದರೆ ಹಿಮನದಿ ಅಗಲವಾದ ಬಿಳಿ ರಸ್ತೆಯ ಹಾಗಿರುತ್ತದೆ. ಹತ್ತಿರ ಹೋದರೆ ಅದು ಬಿರುಕುಗಳ ಕಾಡು. ಮಂಜುಗಡ್ಡೆ ತಿರುವಿನಲ್ಲಿ, ಇಳಿಜಾರಿನಲ್ಲಿ ಜಾರುವಾಗ ಸೀಳುತ್ತದೆ. ಕೆಲವು ಸೀಳುಗಳು ಹತ್ತಾರು ಅಡಿ ಆಳ, ಕೆಲವು ನೂರಾರು ಅಡಿ. ಮೇಲೆ ಹೊಸ ಹಿಮ ಬಿದ್ದು ತೆಳುವಾದ ಮುಚ್ಚಳ ಕಟ್ಟಿಕೊಳ್ಳುತ್ತದೆ. ಕಾಲಿಟ್ಟರೆ ಒಳಗೆ. ಅದಕ್ಕೇ ಎಲ್ಲರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು, ನಡುವೆ ಅಂತರ ಬಿಟ್ಟು, ಸಾಲಾಗಿ ನಡೆಯುತ್ತಾರೆ. ಮುಂದಿನವನು ಕೋಲಿನಿಂದ ಚುಚ್ಚಿ ನೋಡುತ್ತ ಹೋಗುತ್ತಾನೆ. ಒಬ್ಬ ಬಿದ್ದರೆ ಉಳಿದವರು ಕೂಡಲೇ ಹಿಮದ ಮೇಲೆ ಬಿದ್ದು ಹಿಡಿದುಕೊಳ್ಳಬೇಕು. ಹಗಲಿನ ಬಿಸಿಲಿಗೆ ಮುಚ್ಚಳ ಸಡಿಲವಾಗುವುದರಿಂದ ನಡೆಯಲು ಒಳ್ಳೆಯ ಹೊತ್ತು ರಾತ್ರಿ ಮತ್ತು ನಸುಕು.

ತಂಡ ತೇರಂ ಕಾಂಗ್ರಿ 2 ಶಿಖರ ಏರಿತು. ದಾರಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಸಿಕ್ಕಿತು: ಆಚೆ ಕಡೆಯಿಂದ ಬಂದುಹೋದ ತಂಡಗಳು ಬಿಟ್ಟುಹೋದ ಖಾಲಿ ಡಬ್ಬ, ಪೊಟ್ಟಣಗಳ ಕಸ. ಬೇರೆಯವರಿಗೆ ಅದು ಕಸ, ವರದಿ ಬರೆಯಬೇಕಾದ ಸೈನಿಕನಿಗೆ ಸಾಕ್ಷಿ.

1981ರಲ್ಲಿ ಕುಮಾರ್ ಮತ್ತೆ ಹೋದರು. ಈ ಸಲ ಕೆಳತುದಿಯಿಂದ ಉತ್ತರದ ಕಟ್ಟಕಡೆಯ ಇಂದಿರಾ ಕೋಲ್ ತನಕ, ಹಿಮನದಿಯ ಪೂರ್ತಿ ಉದ್ದ. (‘ಕೋಲ್’ ಎಂದರೆ ಎರಡು ಶಿಖರಗಳ ನಡುವಿನ ತಗ್ಗು. ಆಗಿನ ಪ್ರಧಾನಿಗೂ ಈ ಹೆಸರಿಗೂ ಸಂಬಂಧವಿಲ್ಲ. 1912ರಲ್ಲಿ ಅಲ್ಲಿಗೆ ಬಂದಿದ್ದ ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಲಕ್ಷ್ಮಿಯ ಹೆಸರಿಟ್ಟು ಹೋಗಿದ್ದರು.) ತಂಡ 7,742 ಮೀಟರ್‌ನ ಸಾಲ್ತೊರೊ ಕಾಂಗ್ರಿ ಏರಿತು, ಸಿಯಾ ಕಾಂಗ್ರಿಯನ್ನೂ ಏರಿತು. ಪಶ್ಚಿಮದ ಕಣಿವೆದಾರಿಗಳನ್ನು ನೋಡಿ ಬಂತು. ನಾಲ್ಕು ಕಾಲ್ಬೆರಳು ಇಲ್ಲದ ನಾಯಕನಿಗೆ ಆಗ 47 ವರ್ಷ.

ಈ ಎರಡು ಯಾತ್ರೆಗಳಿಂದ ಸೇನೆಗೆ ದೊರೆತದ್ದು ಏನು? ಎಲ್ಲಿ ಬಿಡಾರ ಹೂಡಬಹುದು, ಯಾವ ಬದಿಯಲ್ಲಿ ಬಿರುಕು ಕಡಿಮೆ, ಯಾವ ಕಣಿವೆದಾರಿಯಿಂದ ಎದುರಾಳಿ ಬರಬಹುದು, ಎಲ್ಲಿ ಹೆಲಿಕಾಪ್ಟರ್ ಇಳಿಸಬಹುದು ಎಂಬ ತಿಳಿವಳಿಕೆ. ಸೇನೆಯ ಮಾತಿನಲ್ಲಿ ಇದನ್ನು ‘ರೆಕ್ಕಿ’ ಎನ್ನುತ್ತಾರೆ, ಮುಂಚಿತವಾಗಿ ಹೋಗಿ ಜಾಗ ನೋಡಿಕೊಂಡು ಬರುವುದು. ಜೊತೆಗೆ ಭಾರತದವರೂ ಇಲ್ಲಿ ಬಂದುಹೋಗಿದ್ದಾರೆ ಎಂಬ ದಾಖಲೆಯೂ ಆಯಿತು.

1984ರ ಏಪ್ರಿಲ್ 13

ಸಾಲ್ತೊರೊ ಪರ್ವತಸಾಲಿಗೆ ಎರಡು ಮುಖ್ಯ ಬಾಗಿಲು: ಸಿಯಾ ಲಾ ಮತ್ತು ಬಿಲಾಫೊಂಡ್ ಲಾ. ಅವು ಯಾರ ಕೈಯಲ್ಲಿವೆಯೋ ಹಿಮನದಿ ಅವರ ಕೈಯಲ್ಲಿ. ಪಾಕಿಸ್ತಾನ ಅಲ್ಲಿಗೆ ಸೈನ್ಯ ಕಳಿಸುವ ತಯಾರಿಯಲ್ಲಿದೆ ಎಂಬ ಮಾಹಿತಿ ಭಾರತಕ್ಕೆ ಬಂತು. ಆ ಹೊತ್ತಿಗೆ ಉತ್ತರ ಕಮಾಂಡಿನ ಮುಖ್ಯಸ್ಥರಾಗಿದ್ದವರು ಅದೇ ಛಿಬ್ಬರ್, ಕುಮಾರ್ ನಕ್ಷೆ ಹರಡಿದ್ದು ಯಾರ ಮುಂದೆಯೋ ಅವರು.

1984ರ ಏಪ್ರಿಲ್ 13ರ ಬೆಳಿಗ್ಗೆ ಹೆಲಿಕಾಪ್ಟರ್‌ಗಳು ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಮತ್ತು ಅವರ ಜೊತೆಗಾರರನ್ನು ಬಿಲಾಫೊಂಡ್ ಲಾ ಬಳಿ ಇಳಿಸಿದವು. ಅವರು ಕುಮಾವೂನ್ ರೆಜಿಮೆಂಟ್‌ನವರು. ಕೆಲವು ದಿನಗಳಲ್ಲಿ ಸಿಯಾ ಲಾ ಕೂಡ ಕೈಗೆ ಬಂತು. ಪಾಕಿಸ್ತಾನದ ಸೈನಿಕರು ಬರುವಷ್ಟರಲ್ಲಿ ಭಾರತೀಯರು ಮೇಲೆ ಕೂತಿದ್ದರು. ಕಾಳಿದಾಸನ ಕಾವ್ಯದ ಹೆಸರು ಹೊತ್ತ ಈ ಕಾರ್ಯಾಚರಣೆಯೇ ಆಪರೇಷನ್ ಮೇಘದೂತ್. 1987ರಲ್ಲಿ ನಾಯಬ್ ಸುಬೇದಾರ್ ಬಾನಾ ಸಿಂಗ್ ಮತ್ತು ಸಂಗಡಿಗರು ಸುಮಾರು 21,000 ಅಡಿ ಎತ್ತರದ ಪಾಕಿಸ್ತಾನಿ ಠಾಣೆಯೊಂದನ್ನು ವಶಪಡಿಸಿಕೊಂಡರು. ಅದಕ್ಕೆ ಬಾನಾ ಸಿಂಗ್‌ಗೆ ಪರಮವೀರ ಚಕ್ರ ಬಂತು.

2003ರ ನವೆಂಬರ್‌ನಿಂದ ಅಲ್ಲಿ ಕದನವಿರಾಮ ಇದೆ. ಆದರೆ ಎರಡೂ ಕಡೆಯವರು ಮೇಲೇ ಇದ್ದಾರೆ. ಎನ್‌ಜೆ 9842ರಿಂದ ಉತ್ತರಕ್ಕೆ ಸುಮಾರು 110 ಕಿಲೋಮೀಟರ್ ಉದ್ದಕ್ಕೆ ಎರಡು ಸೈನ್ಯಗಳು ಈಗ ಎಲ್ಲಿ ನಿಂತಿವೆಯೋ ಅದನ್ನು ‘ವಾಸ್ತವ ನೆಲೆಯ ರೇಖೆ’ ಎನ್ನುತ್ತಾರೆ. ಇದು ಲೈನ್ ಆಫ್ ಕಂಟ್ರೋಲ್ ಅಲ್ಲ, ಚೀನಾ ಕಡೆಯ ಎಲ್‌ಎಸಿ (ವಾಸ್ತವ ನಿಯಂತ್ರಣ ರೇಖೆ) ಕೂಡ ಅಲ್ಲ. ಸುದ್ದಿಯಲ್ಲಿ ಈ ಮೂರನ್ನೂ ಕಲಸಿಬಿಡುವುದು ಸಾಮಾನ್ಯ.

ಗುಂಡಿಗಿಂತ ಹವಾಮಾನಕ್ಕೆ ಜಾಸ್ತಿ ಜನ

ಚಳಿಗಾಲದಲ್ಲಿ ಅಲ್ಲಿನ ಮೇಲಿನ ಠಾಣೆಗಳಲ್ಲಿ ಉಷ್ಣತೆ ಸೊನ್ನೆಗಿಂತ 50 ಡಿಗ್ರಿ ಕೆಳಕ್ಕೂ ಹೋಗುತ್ತದೆ. ಶುರುವಿನಿಂದಲೂ ಎರಡೂ ಸೈನ್ಯಗಳಲ್ಲಿ ಗುಂಡಿಗೆ ಸತ್ತವರಿಗಿಂತ ಹಿಮಕುಸಿತ, ಬಿರುಕು, ಚಳಿ, ಎತ್ತರದ ಕಾಯಿಲೆಗಳಿಗೆ ಸತ್ತವರೇ ಹೆಚ್ಚು. 2012ರ ಏಪ್ರಿಲ್‌ನಲ್ಲಿ ಗಯಾರಿಯ ಪಾಕಿಸ್ತಾನಿ ನೆಲೆಯ ಮೇಲೆ ಹಿಮ ಕುಸಿದು 140 ಮಂದಿ ಸತ್ತರು.

ನಮ್ಮವರೇ ಆದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆಯಲು ಸಾಧ್ಯ? ಧಾರವಾಡ ಜಿಲ್ಲೆಯ ಬೆಟದೂರಿನ ಅವರು ಮದ್ರಾಸ್ ರೆಜಿಮೆಂಟ್‌ನವರು. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಮಂಜುಗಡ್ಡೆಯ ಗೋಡೆ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನಗಳ ನಂತರ ಹನುಮಂತಪ್ಪ ಜೀವಂತವಾಗಿ ಸಿಕ್ಕಾಗ ದೇಶವೇ ಬೆರಗಾಯಿತು. ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಅಂಥ ಠಾಣೆಗಳಿಗೆ ಊಟ, ಸೀಮೆಎಣ್ಣೆ, ಔಷಧ ತಲುಪಿಸುವುದು, ಗಾಯಗೊಂಡವರನ್ನು ಇಳಿಸುವುದು ಬಹುತೇಕ ಚೀತಾ ಹೆಲಿಕಾಪ್ಟರ್‌ಗಳ ಕೆಲಸ. ಇವು ಫ್ರಾನ್ಸಿನ ಲಾಮಾ ಹೆಲಿಕಾಪ್ಟರಿನ ವಿನ್ಯಾಸದ ಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ. ಹಾಗಾಗಿ ಒಂದು ಸಲಕ್ಕೆ ಸಾಗಿಸುವುದು ಕೆಲವೇ ಡಬ್ಬಗಳಷ್ಟು ಸಾಮಾನು. ಹಿಮನದಿಯ ನಡುಭಾಗದಲ್ಲಿ ಒಂದು ದೊಡ್ಡ ನೆಲೆ ಬೇಕಾಗುವುದು ಇದೇ ಕಾರಣಕ್ಕೆ. ಮೇಲಿನ ಠಾಣೆಗಳಿಗೆ ಅಲ್ಲಿಂದ ಸಾಮಾನು ಹೋಗುತ್ತದೆ. ಕುಮಾರ್ ಪೋಸ್ಟ್ ಮಾಡುತ್ತಿರುವುದು ಆ ಕೆಲಸವನ್ನೇ.

ಎದೆಯ ಮೇಲಿನ ಪದಕಗಳನ್ನು ಓದುವುದು ಹೇಗೆ?

ಸೇನೆಯ ಪದಕಗಳು ಮುಖ್ಯವಾಗಿ ಎರಡು ಬಗೆ. ಒಂದು ಶೌರ್ಯಕ್ಕೆ, ಇನ್ನೊಂದು ವಿಶಿಷ್ಟ ಸೇವೆಗೆ. ಯುದ್ಧರಂಗದ ಶೌರ್ಯಕ್ಕೆ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಶತ್ರು ಎದುರಿಗಿಲ್ಲದ ಕಡೆ ತೋರಿದ ಶೌರ್ಯಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ. ಕುಮಾರ್‌ಗೆ ಕೀರ್ತಿ ಚಕ್ರ ಬಂದಿತ್ತು. ಎವರೆಸ್ಟ್ ವರ್ಷವಾದ 1965ರಲ್ಲಿ ಪದ್ಮಶ್ರೀ, ಅರ್ಜುನ ಪ್ರಶಸ್ತಿ ಎರಡೂ ಬಂದವು.

ಸೇವಾ ಪದಕಗಳಲ್ಲಿ ಅತಿ ದೊಡ್ಡದು ಪರಮ ವಿಶಿಷ್ಟ ಸೇವಾ ಪದಕ. ಅದು ಸಾಮಾನ್ಯವಾಗಿ ಸಿಗುವುದು ಲೆಫ್ಟಿನೆಂಟ್ ಜನರಲ್ ಮಟ್ಟದ ಅಧಿಕಾರಿಗಳಿಗೆ. ಕುಮಾರ್‌ಗೆ ಅದು ಬಂದದ್ದು ಕರ್ನಲ್ ಆಗಿದ್ದಾಗ, ಅಂದರೆ ಮೂರು ಮೆಟ್ಟಿಲು ಕೆಳಗಿದ್ದಾಗ. ಸೇನೆಯಲ್ಲಿ ಮೇಲೇರುವ ಏಣಿ ಮೇಲೆ ಮೇಲೆ ಕಿರಿದಾಗುತ್ತ ಹೋಗುತ್ತದೆ. ವೈದ್ಯಕೀಯ ದರ್ಜೆಯನ್ನೂ ನೋಡುತ್ತಾರೆ. ಅವರು ಕರ್ನಲ್ ಆಗಿಯೇ ನಿವೃತ್ತರಾದರು. ಆಮೇಲೆ ಸಾಹಸ ಪ್ರವಾಸದ ಕಂಪನಿ ಕಟ್ಟಿದರು. ರಾಫ್ಟಿಂಗ್, ಸ್ಕೀಯಿಂಗ್, ಚಾರಣ ಎಂದರೆ ಏನೆಂದೇ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲದಲ್ಲಿ ಜನರನ್ನು ನದಿಗೂ ಬೆಟ್ಟಕ್ಕೂ ಕರೆದುಕೊಂಡು ಹೋದರು.

ಇನ್ನೊಂದು ಪದಕದ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ: ಮೆಕ್‌ಗ್ರೆಗರ್ ಪದಕ. ಸೇನಾ ವಿಷಯಗಳ ಅಧ್ಯಯನ ಸಂಸ್ಥೆಯಾದ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ 1888ರಿಂದ ಇದನ್ನು ಕೊಡುತ್ತಿದೆ. ಕಾರಾಕೋರಂ ಕಡೆಯ ದಾರಿಗಳನ್ನು ಹುಡುಕುತ್ತ ಅಲೆದ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ಯಂಗ್‌ಹಸ್ಬೆಂಡ್‌ಗೆ ಇದು 1890ರಲ್ಲಿ ಸಿಕ್ಕಿತ್ತು. ಯಾರೂ ಸರಿಯಾಗಿ ನೋಡಿರದ ನೆಲಕ್ಕೆ ಹೋಗಿ, ನೋಡಿ, ದೇಶಕ್ಕೆ ಉಪಯೋಗವಾಗುವ ಮಾಹಿತಿ ತಂದವರಿಗೆ ಮೀಸಲಾದ ಪದಕ ಅದು. ಸಿಯಾಚಿನ್ ಯಾತ್ರೆಗಳಿಗಾಗಿ ಬುಲ್ ಕುಮಾರ್‌ಗೂ ಅದನ್ನು ಕೊಟ್ಟರು.